ಚರ್ಚ್ ಜಾಲತಾಣದ ಪುಟಗಳು ಕೈಕೊಟ್ಟಾಗ: ಲಕ್ಷಣ ನೋಡಿ ದೋಷ ಹುಡುಕುವ ಕ್ರಮ

ನಾನು ಕಂಡ ಕರಾವಳಿಯ ಧರ್ಮಕೇಂದ್ರಗಳಲ್ಲಿ ಜಾಲತಾಣದ ಹೊಣೆ ಹೊತ್ತವರು ಹೆಚ್ಚಾಗಿ ವೃತ್ತಿಯಿಂದ ತಂತ್ರಜ್ಞರಲ್ಲ. ಯುವ ಸಂಘಟನೆಯ ಸದಸ್ಯರೊಬ್ಬರೋ, ಶಾಲೆಯ ಶಿಕ್ಷಕಿಯೊಬ್ಬರೋ, ಕಚೇರಿಯ ಕಡತ ನೋಡಿಕೊಳ್ಳುವವರೋ ಸಂಜೆಯ ಬಿಡುವಿನಲ್ಲಿ ಆ ಕೆಲಸ ಮಾಡುತ್ತಾರೆ. ಅಂಥವರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ. ತಾಣವು ವರ್ಡ್‌ಪ್ರೆಸ್ ಎಂಬ ತಾಣ ಕಟ್ಟುವ ತಂತ್ರಾಂಶದಲ್ಲಿ ಕಟ್ಟಿದ್ದು ಎಂದು ಇಟ್ಟುಕೊಂಡಿದ್ದೇನೆ. ಬೇರೆ ವ್ಯವಸ್ಥೆಯಾದರೆ ಗುಂಡಿಗಳ ಹೆಸರು ಬದಲಾಗಬಹುದು, ಹುಡುಕುವ ಕ್ರಮ ಹೆಚ್ಚು ಬದಲಾಗುವುದಿಲ್ಲ.

ದೋಷ ಯಾವುದೇ ಇರಲಿ, ತಂತ್ರಾಂಶವನ್ನು ಅನುಮಾನಿಸುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಇದು ಯಾವ ಬಗೆಯ ಪುಟ? ಚರ್ಚಿನ ಇತಿಹಾಸ, ಧರ್ಮಗುರುಗಳ ಪಟ್ಟಿ, ಬಲಿಪೂಜೆಯ ವೇಳೆ ಇವೆಲ್ಲ ಬಹುಕಾಲ ಒಂದೇ ವಿಳಾಸದಲ್ಲಿ ನಿಲ್ಲುವ ಸ್ಥಿರ ಪುಟಗಳು. ವರ್ಡ್‌ಪ್ರೆಸ್‌ನಲ್ಲಿ ಇವಕ್ಕೆ 'ಪೇಜ್' ಎಂದು ಹೆಸರು. ವಾರದ ಪ್ರಕಟಣೆ, ಹಬ್ಬದ ವರದಿ ಇವು ದಿನಾಂಕದೊಂದಿಗೆ ಬಂದು ಕೆಳಗೆ ಸರಿಯುವ 'ಪೋಸ್ಟ್'ಗಳು. ನೊವೇನಾ (ಒಂಬತ್ತು ದಿನದ ಪ್ರಾರ್ಥನೆ), ಧ್ಯಾನಕೂಟ, ವಾರ್ಷಿಕ ಮಹೋತ್ಸವ ಇವು ಗಡಿಯಾರವನ್ನು ನಂಬಿದ ಕಾರ್ಯಕ್ರಮ ಪುಟಗಳು. ನೇರಪ್ರಸಾರ, ಅರ್ಜಿ ನಮೂನೆ ಮತ್ತು ದೇಣಿಗೆಯ ಪುಟಗಳು ನಮ್ಮ ತಾಣದ ಹೊರಗಿನ ಇನ್ನೊಂದು ಸೇವೆಯನ್ನು ನಂಬಿ ನಿಂತಿರುತ್ತವೆ. ನನ್ನ ಅನುಭವದಲ್ಲಿ 'ತಾಣ ಕೆಟ್ಟಿದೆ' ಎಂದು ಬಂದ ದೂರುಗಳಲ್ಲಿ ಹೆಚ್ಚಿನವು ಕೆಟ್ಟದ್ದರಿಂದ ಬಂದವಲ್ಲ. ಒಂದು ಬಗೆಯ ಪುಟದಲ್ಲಿ ಇರಬೇಕಾದ ಸಂಗತಿಯನ್ನು ಇನ್ನೊಂದು ಬಗೆಯ ಪುಟದಲ್ಲಿ ಇಟ್ಟಿದ್ದರಿಂದ ಬಂದವು.

## ಕೈ ಹಾಕುವ ಮುನ್ನ

ತಾಣದ ಪೂರ್ತಿ ಪ್ರತಿಯೊಂದನ್ನು, ಎಂದರೆ ಕಡತಗಳು ಮತ್ತು ಬರಹಗಳಿರುವ ದತ್ತಸಂಚಯ (ಡೇಟಾಬೇಸ್) ಎರಡನ್ನೂ, ಬ್ಯಾಕಪ್ ತೆಗೆದಿಟ್ಟುಕೊಳ್ಳಿ. 'ಟೂಲ್ಸ್' ಅಡಿಯಲ್ಲಿರುವ 'ಎಕ್ಸ್‌ಪೋರ್ಟ್' ಮಾಡಿದರೆ ಬರಹಗಳು ಮಾತ್ರ ಸಿಗುತ್ತವೆ, ಫೋಟೋ ಮತ್ತು ಪಿಡಿಎಫ್ ಕಡತಗಳು ಸಿಗುವುದಿಲ್ಲ. ಆದ್ದರಿಂದ ಅದನ್ನು ಪೂರ್ತಿ ಬ್ಯಾಕಪ್ ಎಂದು ನಂಬಬಾರದು. ಶನಿವಾರ ಸಂಜೆ ಮತ್ತು ಭಾನುವಾರ ಬೆಳಿಗ್ಗೆ ಯಾವ ಪ್ಲಗಿನ್ನನ್ನೂ (ತಾಣಕ್ಕೆ ಹೆಚ್ಚಿನ ಸೌಲಭ್ಯ ಜೋಡಿಸುವ ಕಿರುತಂತ್ರಾಂಶ) ಅಪ್‌ಡೇಟ್ ಮಾಡಬೇಡಿ, ಏಕೆಂದರೆ ಪೂಜೆಯ ವೇಳೆ ಕೇಳಿ ಜನ ತಾಣಕ್ಕೆ ಬರುವುದು ಆಗಲೇ. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಬದಲಿಸಿದ್ದನ್ನು ಪುಸ್ತಕದಲ್ಲಿ ಬರೆದಿಡಿ.

## ಪುಟ ಬರೆದಾಗಿದೆ, ನನಗೆ ಕಾಣುತ್ತಿದೆ, ಬೇರೆ ಯಾರಿಗೂ ಕಾಣುತ್ತಿಲ್ಲ

ಮೊದಲು ಬ್ರೌಸರಿನ ಗುಪ್ತ ಕಿಟಕಿ, ಎಂದರೆ ಇನ್‌ಕಾಗ್ನಿಟೊ, ತೆರೆದು ಆ ಪುಟದ ವಿಳಾಸವನ್ನು ಹಾಕಿ ನೋಡಿ. ಅಲ್ಲಿ ಲಾಗಿನ್ ಇರುವುದಿಲ್ಲವಾದ್ದರಿಂದ ಹೊರಗಿನವರಿಗೆ ಕಾಣುವುದೇ ನಿಮಗೂ ಕಾಣುತ್ತದೆ. ಅಲ್ಲಿ ಪುಟ ಬರದಿದ್ದರೆ ಅದರ ಸ್ಥಿತಿಯನ್ನು ನೋಡಬೇಕು. 'ಡ್ರಾಫ್ಟ್' ಎಂದಿದ್ದರೆ ಅದು ಇನ್ನೂ ಕರಡು. 'ಪೆಂಡಿಂಗ್ ರಿವ್ಯೂ' ಎಂದಿದ್ದರೆ ಹೆಚ್ಚಾಗಿ ನಿಮ್ಮ ಖಾತೆಗೆ ಪ್ರಕಟಿಸುವ ಅಧಿಕಾರವಿಲ್ಲ, ಅಧಿಕಾರವಿರುವ ಇನ್ನೊಬ್ಬರ ಒಪ್ಪಿಗೆಗೆ ಕಾದಿದೆ ಎಂದು ಅರ್ಥ. 'ಪ್ರೈವೇಟ್' ಎಂದಿದ್ದರೆ ಲಾಗಿನ್ ಆದ ನಿರ್ವಾಹಕರು ಮತ್ತು ಸಂಪಾದಕರ ಕಣ್ಣಿಗೆ ಮಾತ್ರ ಅದು ಬೀಳುತ್ತದೆ. 'ನನಗೆ ಕಾಣುತ್ತದೆ, ಊರಿಗೆ ಕಾಣುವುದಿಲ್ಲ' ಎಂಬ ದೂರಿನ ಹಿಂದೆ ಬಹಳ ಸಲ ಇರುವುದು ಇದೇ.

ವಿಳಾಸ ಹಾಕಿದರೆ ಪುಟ ಬರುತ್ತದೆ, ಆದರೆ ಮೇಲಿನ ಪಟ್ಟಿಯಲ್ಲಿ ಅದರ ಹೆಸರಿಲ್ಲ ಎಂದಾದರೆ ದೋಷ ಪುಟದಲ್ಲಿಲ್ಲ, ಮೆನುವಿನಲ್ಲಿದೆ. ಪುಟ ಸೃಷ್ಟಿಸಿದ ಮಾತ್ರಕ್ಕೆ ಅದು ಮೆನುವಿಗೆ ಸೇರಿಬಿಡುತ್ತದೆ ಎಂದೇನಿಲ್ಲ. ಹಳೆಯ ಮಾದರಿಯ ಥೀಮ್ (ತಾಣದ ವಿನ್ಯಾಸ) ಆದರೆ 'ಅಪಿಯರೆನ್ಸ್' ಅಡಿಯ 'ಮೆನ್ಯೂಸ್'ನಲ್ಲಿ, ಬ್ಲಾಕ್ ಥೀಮ್ ಆದರೆ 'ಎಡಿಟರ್' ಒಳಗಿನ 'ನ್ಯಾವಿಗೇಶನ್'ನಲ್ಲಿ ಅದನ್ನು ಸೇರಿಸಬೇಕು. ಜೊತೆಗೆ ಒಂದು ಸಲಹೆ: ಮೆನುವಿನಲ್ಲಿ 'ಬಲಿಪೂಜೆಯ ವೇಳೆ' ಎಂಬುದು ಬೆರಳು ಮೊದಲು ತಾಗುವ ಜಾಗದಲ್ಲಿರಲಿ. ನಮ್ಮ ಚರ್ಚಿನ ತಾಣದಲ್ಲಿ ಅದು 'ನಮ್ಮ ಬಗ್ಗೆ' ಎಂಬುದರ ಒಳಗೆ, ಅದರೊಳಗಿನ 'ಆರಾಧನೆ' ಎಂಬುದರ ಒಳಗೆ ಅಡಗಿತ್ತು. ಪುಟದಲ್ಲಿ ಯಾವ ಕೊರತೆಯೂ ಇರಲಿಲ್ಲ, ಆದರೂ ಜನ ಕಚೇರಿಗೆ ಫೋನ್ ಮಾಡಿ ಕೇಳುತ್ತಿದ್ದರು.

ಪುಟ, ಮೆನು ಎರಡೂ ಸರಿಯಿದ್ದು ಗೂಗಲ್‌ನಲ್ಲಿ ಮಾತ್ರ ತಾಣ ಸಿಗುತ್ತಿಲ್ಲವಾದರೆ 'ಸೆಟ್ಟಿಂಗ್ಸ್' ಅಡಿಯ 'ರೀಡಿಂಗ್' ತೆರೆಯಿರಿ. ಶೋಧಕಗಳು ಈ ತಾಣವನ್ನು ಪಟ್ಟಿಮಾಡಬಾರದು ಎಂದು ಕೋರುವ ಒಂದು ಚೌಕ ಅಲ್ಲಿದೆ. ತಾಣ ಕಟ್ಟುವಾಗ ಅದಕ್ಕೆ ಗುರುತು ಹಾಕಿ, ಉದ್ಘಾಟನೆಯ ದಿನ ತೆಗೆಯಲು ಮರೆಯುವುದುಂಟು. ಮುಖಪುಟದಲ್ಲಿ ನೀವು ಸಿದ್ಧಪಡಿಸಿದ ಸ್ವಾಗತದ ಪುಟದ ಬದಲು ಹಳೆಯ ಪೋಸ್ಟ್‌ಗಳ ಸಾಲು ಕಾಣುತ್ತಿದ್ದರೂ ಇದೇ ಪರದೆಯಲ್ಲಿ ಪರಿಹಾರವಿದೆ: ಮುಖಪುಟಕ್ಕೆ ಒಂದು ಸ್ಥಿರ ಪುಟವನ್ನು, ಪೋಸ್ಟ್‌ಗಳಿಗೆ ಇನ್ನೊಂದು ಖಾಲಿ ಪುಟವನ್ನು ಆಯ್ದುಕೊಳ್ಳಬೇಕು.

## ವೇಳೆ ತಿದ್ದಿದ್ದೇವೆ, ಜನರಿಗೆ ಹಳೆಯದೇ ಕಾಣುತ್ತಿದೆ

ಇದು ಚಿಕ್ಕ ದೋಷದಂತೆ ಕಂಡರೂ ಚರ್ಚಿನ ತಾಣಕ್ಕೆ ಇದಕ್ಕಿಂತ ದೊಡ್ಡದಿಲ್ಲ. ಗಲ್ಫ್‌ನಿಂದ ಹತ್ತು ದಿನದ ರಜೆಗೆ ಬಂದವರು ತಾಣ ನೋಡಿ ಏಳೂವರೆಯ ಪೂಜೆಗೆಂದು ತಾಯಿಯನ್ನು ಕರೆದುಕೊಂಡು ಬಂದಾಗ ಪೂಜೆ ಮುಗಿದು ಜನ ಹೊರಗೆ ಬರುತ್ತಿದ್ದರೆ, ಮುಂದೆ ಅವರು ಆ ತಾಣದ ಯಾವ ಮಾತನ್ನೂ ನಂಬುವುದಿಲ್ಲ.

ನಿಮ್ಮ ಫೋನಿನಲ್ಲಿ ವೈಫೈ ಆಫ್ ಮಾಡಿ, ಮೊಬೈಲ್ ಡೇಟಾದಲ್ಲಿ, ಗುಪ್ತ ಕಿಟಕಿಯಲ್ಲಿ ತೆರೆಯಿರಿ. ಅಲ್ಲಿ ಹೊಸ ವೇಳೆ ಕಂಡರೆ ದೂರಿದವರ ಬ್ರೌಸರ್ ತನ್ನ ಹಳೆಯ ಪ್ರತಿಯನ್ನು ತೋರಿಸುತ್ತಿದೆ. ಅವರು ಪುಟವನ್ನು ರಿಫ್ರೆಶ್ ಮಾಡಿದರೆ ಸಾಕು. ಅಲ್ಲೂ ಹಳೆಯದೇ ಕಂಡರೆ ತಾಣದಲ್ಲಿ ಕ್ಯಾಶ್ ಪ್ಲಗಿನ್, ಎಂದರೆ ಪುಟದ ಸಿದ್ಧ ಪ್ರತಿಯನ್ನು ಇಟ್ಟುಕೊಂಡು ತೋರಿಸುವ ಪ್ಲಗಿನ್, ಇದೆಯೇ, ತಾಣವನ್ನು ತಮ್ಮ ಸರ್ವರಿನಲ್ಲಿ ಇಟ್ಟುಕೊಟ್ಟ ಹೋಸ್ಟಿಂಗ್ ಕಂಪನಿಯವರೇ ಕ್ಯಾಶ್ ಇಟ್ಟಿದ್ದಾರೆಯೇ ನೋಡಿ ಅದನ್ನು ತೆರವುಗೊಳಿಸಿ. ಆಮೇಲೂ ಹಳೆಯದೇ ಇದ್ದರೆ, ಅದೇ ವೇಳೆಯನ್ನು ಇನ್ನೂ ಎಲ್ಲೆಲ್ಲಿ ಬರೆದಿದ್ದೀರಿ ಎಂದು ಹುಡುಕಿ. ಅಡಿಪಟ್ಟಿಯಲ್ಲಿ ಒಂದು, ಸಂಪರ್ಕದ ಪುಟದಲ್ಲಿ ಒಂದು, ಎರಡು ವರ್ಷದ ಹಿಂದಿನ ಪೋಸ್ಟಿನಲ್ಲಿ ಒಂದು ಇರುತ್ತದೆ. ವೇಳೆಯನ್ನು ಒಂದೇ ಸ್ಥಿರ ಪುಟದಲ್ಲಿ ಬರೆದು, ಉಳಿದ ಕಡೆ ಅದಕ್ಕೆ ಕೊಂಡಿ ಕೊಡುವುದೇ ಶಾಶ್ವತ ಪರಿಹಾರ. ತಪಸ್ಸುಕಾಲದಲ್ಲಿ ವೇಳೆ ಬದಲಾದಾಗ ಹೊಸ ಪೋಸ್ಟ್ ಮಾತ್ರ ಹಾಕಿ ಸ್ಥಿರ ಪುಟವನ್ನು ಹಾಗೇ ಬಿಡುವುದು ಈ ದೋಷದ ತವರು.

ವಾರಪತ್ರದ ಪಿಡಿಎಫ್‌ನಲ್ಲೂ ಇಂಥದ್ದೇ ತೊಂದರೆ ಬರುತ್ತದೆ. ಅದೇ ಹೆಸರಿನ ಹೊಸ ಕಡತ ಏರಿಸಿದರೆ ವರ್ಡ್‌ಪ್ರೆಸ್ ಹಳೆಯದನ್ನು ಅಳಿಸುವುದಿಲ್ಲ. ಹೊಸದರ ಹೆಸರಿನ ಕೊನೆಗೆ 1 ಎಂದು ಸೇರಿಸಿ ಬೇರೆಯಾಗಿ ಇಡುತ್ತದೆ, ಪುಟದ ಕೊಂಡಿ ಹಳೆಯದನ್ನೇ ತೋರುತ್ತಿರುತ್ತದೆ. ಪ್ರತಿ ವಾರದ ಕಡತಕ್ಕೆ ದಿನಾಂಕವಿರುವ ಹೆಸರು ಕೊಟ್ಟು ಕೊಂಡಿ ಬದಲಿಸಿ.

## ನಿಗದಿ ಮಾಡಿದ ಪುಟ ತಡವಾಗಿ ಬಂತು, ಅಥವಾ ಬರಲೇ ಇಲ್ಲ

ಮೊಂತಿ ಫೆಸ್ತ್‌ನ ನೊವೇನಾ ಆಗಸ್ಟ್ 30ರಂದು ಆರಂಭವಾಗಿ, ಒಂಬತ್ತು ದಿನ ನಡೆದು, ಸೆಪ್ಟೆಂಬರ್ 8ರಂದು ಮರಿಯಮ್ಮನವರ ಜನ್ಮದಿನದ ಹಬ್ಬ ಬರುತ್ತದೆ. ಒಂದು ವರ್ಷ ನಮ್ಮಲ್ಲಿ ಒಂಬತ್ತು ದಿನಗಳ ಒಂಬತ್ತು ಪುಟಗಳನ್ನು ಮೊದಲೇ ಬರೆದು, ಪ್ರತಿಯೊಂದೂ ಆಯಾ ದಿನ ಬೆಳಿಗ್ಗೆ 6 ಗಂಟೆಗೆ ಪ್ರಕಟವಾಗುವಂತೆ ನಿಗದಿ ಮಾಡಿದ್ದೆವು. ಮೊದಲ ದಿನ ಬೆಳಿಗ್ಗೆ ಪುಟ ಬರಲಿಲ್ಲ. ಮಕ್ಕಳು ಹೂವಿನ ಬುಟ್ಟಿ ಹಿಡಿದು ಎಷ್ಟು ಹೊತ್ತಿಗೆ ಬರಬೇಕು ಎಂದು ತಾಯಂದಿರು ವಾರ್ಡಿನ ಮುಖಂಡರಾದ ಗುರಿಕಾರರಿಗೆ ಒಂದರ ಮೇಲೊಂದು ಕರೆ ಮಾಡಿದರು. ಪುಟ ಕಾಣಿಸಿಕೊಂಡದ್ದು 11:30ಕ್ಕೆ, ಹೂವು ಅರ್ಪಿಸಿ ಮಕ್ಕಳು ಮನೆ ಸೇರಿ ಬಹಳ ಹೊತ್ತಾದ ಮೇಲೆ.

ಐದೂವರೆ ಗಂಟೆಯ ವ್ಯತ್ಯಾಸವೇ ಇಲ್ಲಿ ಕಾರಣವನ್ನು ಹೇಳಿಬಿಡುತ್ತದೆ. ಭಾರತದ ಸಮಯ ವಿಶ್ವ ಪ್ರಮಾಣ ಸಮಯಕ್ಕಿಂತ ಐದೂವರೆ ಗಂಟೆ ಮುಂದಿದೆ. ವರ್ಡ್‌ಪ್ರೆಸ್ ತಾಣದ ಕಾಲವಲಯವನ್ನು ಯಾರೂ ಬದಲಿಸಿರದಿದ್ದರೆ ಅದು ವಿಶ್ವ ಪ್ರಮಾಣ ಸಮಯದಲ್ಲೇ ನಡೆಯುತ್ತಿರಬಹುದು. 'ಸೆಟ್ಟಿಂಗ್ಸ್' ಅಡಿಯ 'ಜನರಲ್' ತೆರೆದು ಕಾಲವಲಯವನ್ನು 'ಕೋಲ್ಕತಾ' ಎಂದು ಆಯ್ದು ಉಳಿಸಿ. ಅದರ ನಂತರ ಈಗಾಗಲೇ ನಿಗದಿಯಾಗಿರುವ ಪುಟಗಳನ್ನೂ ಕಾರ್ಯಕ್ರಮಗಳನ್ನೂ ಒಂದೊಂದಾಗಿ ತೆರೆದು ವೇಳೆ ಪರೀಕ್ಷಿಸಬೇಕು, ಹಿಂದೆ ನಮೂದಾದದ್ದು ತಾನಾಗಿ ಸರಿಹೋಗುತ್ತದೆ ಎಂದು ನಂಬಿಕೊಳ್ಳಬಾರದು. ಚರ್ಚಿನ ಕ್ಯಾಲೆಂಡರನ್ನು ಫೋನಿಗೆ ಸೇರಿಸಿಕೊಂಡವರಿಗೆ ಬೆಳಗಿನ 6:30ರ ಪೂಜೆ ಮಧ್ಯಾಹ್ನ 12 ಗಂಟೆಗೆ ಎಂದು ಕಾಣುತ್ತಿದ್ದರೆ ಅದರ ಕಾರಣವೂ ಇದೇ.

ವ್ಯತ್ಯಾಸವು ಸರಿಯಾಗಿ ಐದೂವರೆ ಗಂಟೆ ಇಲ್ಲದೆ ಒಂದು ದಿನ ಇಪ್ಪತ್ತು ನಿಮಿಷ, ಇನ್ನೊಂದು ದಿನ ಎರಡು ಗಂಟೆ ಹೀಗೆ ಏರುಪೇರಾಗಿದ್ದರೆ, ಅಥವಾ ಪಟ್ಟಿಯಲ್ಲಿ 'ಮಿಸ್ಡ್ ಶೆಡ್ಯೂಲ್' ಎಂದು ಬಂದಿದ್ದರೆ ಕಾರಣ ಬೇರೆ. ವರ್ಡ್‌ಪ್ರೆಸ್‌ನ ಒಳಗಡಿಯಾರ ಯಾರಾದರೂ ತಾಣಕ್ಕೆ ಬಂದಾಗ ಮಾತ್ರ ಎಚ್ಚರಗೊಂಡು ಬಾಕಿ ಕೆಲಸಗಳನ್ನು ನೋಡುತ್ತದೆ. ಬೆಳಿಗ್ಗೆ ಆರಕ್ಕೆ ಯಾರೂ ತಾಣ ತೆರೆಯದಿದ್ದರೆ ಪುಟ ಯಾರಾದರೂ ಬರುವವರೆಗೆ ಕಾಯುತ್ತದೆ. ಸುಲಭದ ಉಪಾಯವೆಂದರೆ ಹಿಂದಿನ ರಾತ್ರಿಗೇ ನಿಗದಿ ಮಾಡುವುದು. ಗಟ್ಟಿಯಾದ ಉಪಾಯವೆಂದರೆ ಹೋಸ್ಟಿಂಗ್ ಕಡೆಯ, ಹೇಳಿದ ಹೊತ್ತಿಗೆ ಕೆಲಸ ನಡೆಸುವ ಕ್ರಾನ್ ಸೌಲಭ್ಯದಿಂದ ಆ ಗಡಿಯಾರವನ್ನು ನಿಯಮಿತವಾಗಿ ಎಬ್ಬಿಸುವಂತೆ ಬೆಂಬಲ ವಿಭಾಗದವರಿಂದ ಮಾಡಿಸಿಕೊಳ್ಳುವುದು.

## ಕೊಂಡಿ ಒತ್ತಿದರೆ 'ಪುಟ ಸಿಗಲಿಲ್ಲ' ಎಂದು 404 ಬರುತ್ತಿದೆ

ಒಂದೇ ಪುಟಕ್ಕೆ ಬರುತ್ತಿದೆಯೋ, ಮುಖಪುಟ ಬಿಟ್ಟು ಎಲ್ಲಕ್ಕೂ ಬರುತ್ತಿದೆಯೋ ನೋಡಿ. ಎಲ್ಲಕ್ಕೂ ಬರುತ್ತಿದ್ದರೆ 'ಸೆಟ್ಟಿಂಗ್ಸ್' ಅಡಿಯ 'ಪರ್ಮಾಲಿಂಕ್ಸ್' ತೆರೆದು, ಏನನ್ನೂ ಬದಲಿಸದೆ, ಉಳಿಸುವ ಗುಂಡಿಯನ್ನು ಒಮ್ಮೆ ಒತ್ತಿ. ವಿಳಾಸಗಳ ನಿಯಮಗಳನ್ನು ವರ್ಡ್‌ಪ್ರೆಸ್ ಹೊಸದಾಗಿ ಬರೆದುಕೊಳ್ಳುತ್ತದೆ; ತಾಣವನ್ನು ಹೊಸ ಸರ್ವರಿಗೆ ಸಾಗಿಸಿದ ಮೇಲೆ ಬರುವ ಈ ದೋಷ ಹೆಚ್ಚಾಗಿ ಇಷ್ಟಕ್ಕೇ ಹೋಗುತ್ತದೆ. ಹೋಗದಿದ್ದರೆ ಸರ್ವರಿನ ಸಂರಚನಾ ಕಡತಕ್ಕೆ ಕೈ ಹಾಕಬೇಕಾಗುತ್ತದೆ. ಅಭ್ಯಾಸವಿಲ್ಲದವರು ಅಲ್ಲಿ ನಿಲ್ಲಿಸಿ ಹೋಸ್ಟಿಂಗ್ ಬೆಂಬಲವನ್ನು ಕೇಳಬೇಕು.

ಒಂದೇ ಪುಟಕ್ಕೆ ಬರುತ್ತಿದ್ದರೆ ಅದರ ವಿಳಾಸದ ಕೊನೆಯ ತುಂಡು, ಎಂದರೆ ಸ್ಲಗ್, ಬದಲಾಗಿದೆಯೇ ನೋಡಿ. ಪುಟದ ಬಗೆಯ ವ್ಯತ್ಯಾಸ ಇಲ್ಲಿ ಎದ್ದು ಕಾಣುತ್ತದೆ. ಪೋಸ್ಟಿನ ಸ್ಲಗ್ ಬದಲಿಸಿದರೆ ವರ್ಡ್‌ಪ್ರೆಸ್ ಹಳೆಯದನ್ನು ನೆನಪಿಟ್ಟುಕೊಂಡು ಓದುಗರನ್ನು ಹೊಸ ವಿಳಾಸಕ್ಕೆ ಕಳಿಸುತ್ತದೆ. ಪೇಜ್‌ನ ಸ್ಲಗ್ ಬದಲಿಸಿದರೆ, ಅಥವಾ ಅದನ್ನು ಇನ್ನೊಂದು ಪೇಜ್‌ನ ಅಡಿಗೆ ಸೇರಿಸಿದರೆ, ಆ ನೆನಪು ಅದಕ್ಕಿರುವುದಿಲ್ಲ. ಹಬ್ಬದ ಆಮಂತ್ರಣ ಪತ್ರಿಕೆಯಲ್ಲಿ ಕ್ಯೂಆರ್ ಕೋಡ್ ಅಚ್ಚಾಗಿ ಮನೆಮನೆಗೆ ಹಂಚಿಯಾದ ಮೇಲೆ ಪುಟದ ವಿಳಾಸ ತಿದ್ದಿದರೆ ಅಷ್ಟೂ ಪತ್ರಿಕೆಗಳ ಕೊಂಡಿ ಸತ್ತಂತೆ. ಹಳೆಯ ಸ್ಲಗ್ಗನ್ನೇ ಮರಳಿ ಹಾಕಿ, ಅಥವಾ ಹಳೆಯ ವಿಳಾಸಕ್ಕೆ ಬಂದವರನ್ನು ಹೊಸದಕ್ಕೆ ಕಳಿಸುವ ಮರುನಿರ್ದೇಶನದ ಪ್ಲಗಿನ್ ಬಳಸಿ. ಪುಟವನ್ನೇ ಯಾರೋ ಅಳಿಸಿದ್ದರೆ ಗಾಬರಿ ಬೇಡ: ಕಸದ ಬುಟ್ಟಿಯಲ್ಲಿ ಅದು ಸಾಮಾನ್ಯವಾಗಿ 30 ದಿನ ಇರುತ್ತದೆ.

ಕನ್ನಡದಲ್ಲಿ ಶೀರ್ಷಿಕೆ ಕೊಡುವವರು ಇನ್ನೊಂದನ್ನು ತಿಳಿದಿರಬೇಕು. ಸ್ಲಗ್ಗಿಗೆ 200 ಚಿಹ್ನೆಗಳ ಮಿತಿಯಿದೆ, ಆದರೆ ವಿಳಾಸದೊಳಗೆ ಪ್ರತಿ ಕನ್ನಡ ಸಂಕೇತವೂ ಒಂಬತ್ತು ಚಿಹ್ನೆಗಳಾಗಿ ಬಿಚ್ಚಿಕೊಳ್ಳುತ್ತದೆ. ಸ್ವರಚಿಹ್ನೆ, ಅನುಸ್ವಾರ, ಹಲಂತ (್) ಎಲ್ಲವೂ ಬೇರೆ ಬೇರೆ ಲೆಕ್ಕ. ಹಾಗಾಗಿ 'ಮೊಂತಿ ಫೆಸ್ತ್ ನೊವೇನಾ ವೇಳಾಪಟ್ಟಿ' ಎಂಬ ಶೀರ್ಷಿಕೆಯ ಸ್ಲಗ್ 'ವೇಳಾ' ಎಂಬಲ್ಲಿಗೇ ಕತ್ತರಿಸಿಹೋಗುತ್ತದೆ. ಕೊಂಡಿ ಕೆಲಸ ಮಾಡುತ್ತದೆ, ನಿಜ. ಆದರೆ ಅದನ್ನು ನಕಲು ಮಾಡಿ ವಾಟ್ಸ್‌ಆ್ಯಪ್‌ಗೆ ಹಾಕಿದಾಗ ಶೇಕಡಾ ಚಿಹ್ನೆಗಳ ಉದ್ದನೆಯ ಸಾಲಾಗಿ ಕಾಣುತ್ತದೆ, ನಡುವೆ ತುಂಡಾದರೆ ಸತ್ತುಹೋಗುತ್ತದೆ, ಅಚ್ಚಿನ ಪತ್ರಿಕೆಯಲ್ಲಂತೂ ಕೊಡುವ ಹಾಗೇ ಇಲ್ಲ. ಶೀರ್ಷಿಕೆ ಕನ್ನಡದಲ್ಲೇ ಇರಲಿ, ಅದರಲ್ಲಿ ರಾಜಿ ಬೇಡ. ಸ್ಲಗ್ಗನ್ನು ಮಾತ್ರ ಪ್ರಕಟಿಸುವ ಮುನ್ನವೇ ಇಂಗ್ಲಿಷ್ ಲಿಪಿಯಲ್ಲಿ ಚಿಕ್ಕದಾಗಿ ಬರೆದುಬಿಡಿ.

## ಕನ್ನಡ ಅಕ್ಷರಗಳು ಸರಿಯಾಗಿ ಕಾಣುತ್ತಿಲ್ಲ

ಈ ಒಂದು ದೂರಿನೊಳಗೆ ಐದು ಬೇರೆ ಬೇರೆ ದೋಷಗಳಿವೆ. ಕೆಲವು ನಿರಪಾಯ, ಒಂದು ಅಪಾಯಕಾರಿ. ಆದ್ದರಿಂದ 'ಅಕ್ಷರ ಹಾಳಾಗಿದೆ' ಎಂಬ ಮಾತಿಗೆ ನಿಲ್ಲದೆ, ದೂರಿದವರಿಂದ ಪರದೆಯ ಚಿತ್ರ ತರಿಸಿಕೊಂಡು ಹತ್ತಿರದಿಂದ ನೋಡಿ.

ಅಕ್ಷರದ ಜಾಗದಲ್ಲಿ ಖಾಲಿ ಚೌಕಗಳಿದ್ದರೆ ಆ ಸಾಧನದಲ್ಲಿ ಕನ್ನಡದ ಫಾಂಟ್ ಇಲ್ಲ. ಬರಹಕ್ಕೆ ಏನೂ ಆಗಿಲ್ಲ. ತಾಣದ ಥೀಮ್‌ನಲ್ಲಿ ನೋಟೊ ಸಾನ್ಸ್ ಕನ್ನಡದಂಥ ಫಾಂಟನ್ನು ಜೋಡಿಸಿದರೆ ಓದುಗರ ಸಾಧನವನ್ನು ಅವಲಂಬಿಸಬೇಕಾಗುವುದಿಲ್ಲ.

ಅಕ್ಷರಗಳೆಲ್ಲ ಸರಿಯಿದ್ದು, ಒತ್ತಕ್ಷರಗಳ ಕೆಳಭಾಗ ಕತ್ತರಿಸಿದಂತೆ ಅಥವಾ ಕೆಳಗಿನ ಸಾಲಿಗೆ ತಾಗುವಂತೆ ಕಂಡರೆ, ಇಂಗ್ಲಿಷಿಗೆಂದು ವಿನ್ಯಾಸ ಮಾಡಿದ ಥೀಮ್‌ನ ಸಾಲಿನ ಎತ್ತರ ನಮ್ಮ ಲಿಪಿಗೆ ಸಾಲುತ್ತಿಲ್ಲ. 'ಕ್ರಿಸ್ತ' ಎಂಬ ಪದವನ್ನೇ ಶೀರ್ಷಿಕೆಯಲ್ಲಿ ಬರೆದು ನೋಡಿ, ಕೂಡಲೇ ತಿಳಿಯುತ್ತದೆ. ಸಾಲಿನ ಎತ್ತರವನ್ನು 1.6ರ ಆಸುಪಾಸಿಗೆ ಏರಿಸಿ.

ಪಠ್ಯವು ಚರ್ಚ್ ಕಚೇರಿಯ ಕಂಪ್ಯೂಟರಿನಲ್ಲಿ ಬರೆಯುವಾಗ ಶುದ್ಧ ಕನ್ನಡವಾಗಿದ್ದು, ತಾಣಕ್ಕೆ ಅಂಟಿಸಿದ ಮೇಲೆ ಬಗೆಬಗೆಯ ಇಂಗ್ಲಿಷ್ ಅಕ್ಷರಗಳೂ ತಲೆಯ ಮೇಲೆ ಗೀಟು-ಚುಕ್ಕೆ ಹೊತ್ತ ಅಕ್ಷರಗಳೂ ಬೆರೆತ ಸಾಲಾಗಿ ಕಂಡರೆ, ಅದು ನುಡಿ ಅಥವಾ ಬರಹ ಎಂಬ ಟೈಪಿಂಗ್ ತಂತ್ರಾಂಶದ ಹಳೆಯ ಫಾಂಟ್ ಕ್ರಮದಲ್ಲಿ ಟೈಪಾದದ್ದು, ಎಲ್ಲ ಸಾಧನಗಳೂ ಓದುವ ಯೂನಿಕೋಡ್ ಅಲ್ಲ. ಹಳೆಯ ಸಂಚಿಕೆಗಳ, ಸ್ಮರಣ ಸಂಚಿಕೆಗಳ ಪಠ್ಯ ಅನೇಕ ಕಡೆ ಹೀಗೇ ಇದೆ. ಪರಿವರ್ತಕ ತಂತ್ರಾಂಶದಿಂದ ಅದನ್ನು ಯೂನಿಕೋಡಿಗೆ ತಂದು ಅಂಟಿಸಬೇಕು. ಪರಿವರ್ತನೆಯಾದ ಮೇಲೆ ಅರ್ಕಾವತ್ತು, ಒತ್ತುಗಳು ಮತ್ತು ಹೆಸರುಗಳನ್ನು ಒಬ್ಬರು ಕೂತು ಓದಲೇಬೇಕು. ಕೊಂಕಣಿಯನ್ನು ಕನ್ನಡ ಲಿಪಿಯಲ್ಲಿ ಬರೆದ ಪ್ರಾರ್ಥನೆಗಳನ್ನು ಆ ಭಾಷೆ ಬಲ್ಲವರೇ ನೋಡಬೇಕು, ಏಕೆಂದರೆ ತಪ್ಪು ಅಕ್ಷರ ಕನ್ನಡದವರ ಕಣ್ಣಿಗೆ ತಪ್ಪೆನಿಸದೆ ದಾಟಿಹೋಗುತ್ತದೆ.

ಇನ್ನೊಂದು ಗೊಂದಲವೂ ಮೇಲುನೋಟಕ್ಕೆ ಹೀಗೇ ಇರುತ್ತದೆ, ಆದರೆ ಅದರಲ್ಲಿ ಒಂದು ಲಯವಿದೆ: ತಲೆಯ ಮೇಲೆ ಓರೆಗೀಟಿರುವ ಸಣ್ಣ ಇಂಗ್ಲಿಷ್ 'ಎ', ಅದರ ಬೆನ್ನಿಗೇ ಚಿಕ್ಕ ಗಾತ್ರದ 2 ಅಥವಾ 3, ಮತ್ತೆ ಏನೋ ಒಂದು, ಹೀಗೆ ಮೂರು ಮೂರರ ಗುಂಪು ಸಾಲುದ್ದಕ್ಕೂ ಮರಳಿ ಬರುತ್ತದೆ. ಯೂನಿಕೋಡ್ ಕನ್ನಡದ ಒಂದೊಂದು ಸಂಕೇತವೂ ಮೂರು ಬೈಟ್‌ಗಳಲ್ಲಿ ಕೂತಿರುತ್ತದೆ. ಆ ಮೂರನ್ನೂ ಬಿಡಿ ಅಕ್ಷರಗಳೆಂದು ತಪ್ಪಾಗಿ ಓದಿದಾಗ ಈ ಲಯ ಹುಟ್ಟುತ್ತದೆ. ಸಾಮಾನ್ಯವಾಗಿ ತಾಣವನ್ನು ಸಾಗಿಸುವಾಗ ಹೀಗಾಗುತ್ತದೆ. ಬೈಟ್‌ಗಳು ಉಳಿದಿರುವುದರಿಂದ ಬಲ್ಲವರು ಇದನ್ನು ಪೂರ್ತಿ ಮರಳಿ ತರಬಹುದು.

ಸಾಲಿಗೆ ಸಾಲು ಬರೀ ಪ್ರಶ್ನಾರ್ಥಕ ಚಿಹ್ನೆಗಳು ಕಂಡರೆ ಮಾತ್ರ ಕೂಡಲೇ ಕೈ ತೆಗೆಯಿರಿ. ದತ್ತಸಂಚಯವು ಕನ್ನಡವನ್ನು ಹಿಡಿದಿಡಲಾರದೆ ಪ್ರತಿ ಅಕ್ಷರವನ್ನೂ ಪ್ರಶ್ನಾರ್ಥಕವಾಗಿ ಬರೆದುಬಿಟ್ಟಿರುವ ಸಾಧ್ಯತೆ ಹೆಚ್ಚು. ಹಾಗಾಗಿದ್ದರೆ ಅಲ್ಲಿ ಮೂಲ ಪಠ್ಯವಿಲ್ಲ; ಬ್ಯಾಕಪ್‌ನಿಂದ ಮಾತ್ರ ತರಲು ಸಾಧ್ಯ. ಪುಟವನ್ನು ತೆರೆದು ಉಳಿಸುತ್ತಾ ಹೋಗಬೇಡಿ, ಹಳೆಯ ಸರ್ವರಿನ ಖಾತೆಯನ್ನು ಮುಚ್ಚಬೇಡಿ, ಇದ್ದ ಬ್ಯಾಕಪ್‌ನ ಮೇಲೆ ಹೊಸ ಬ್ಯಾಕಪ್ ಬರೆಯಬೇಡಿ. ನೂರು ವರ್ಷದ ಚರ್ಚಿನ ಇತಿಹಾಸವನ್ನು ಹಿರಿಯರೊಬ್ಬರು ನೆನಪಿನಿಂದ ಹೇಳಿ ಬರೆಸಿದ ಪುಟ ಅದಾಗಿರಬಹುದು, ಮತ್ತೆ ಬರೆಸಲು ಅವರು ಇರಲಿಕ್ಕಿಲ್ಲ.

## ನೇರಪ್ರಸಾರದ ಪುಟದಲ್ಲಿ ಕಳೆದ ಭಾನುವಾರದ ಪೂಜೆಯೇ ಕಾಣುತ್ತಿದೆ

ಯೂಟ್ಯೂಬ್‌ನ ಪ್ರತಿ ಪ್ರಸಾರಕ್ಕೂ ಬೇರೆ ವಿಳಾಸವಿದೆ. ಒಂದು ವಾರದ ವಿಳಾಸವನ್ನು ಪುಟದಲ್ಲಿ ಅಂಟಿಸಿದರೆ ಅದು ಆ ವಾರದ ಪೂಜೆಯನ್ನೇ ತೋರಿಸುತ್ತಿರುತ್ತದೆ. ಪ್ರತಿ ವಾರ ಬದಲಿಸಿ. ಇಲ್ಲವಾದರೆ ಚಾನೆಲ್ಲಿನ ಸದ್ಯದ ನೇರಪ್ರಸಾರವನ್ನು ತೋರಿಸುವ ಶಾಶ್ವತ ಎಂಬೆಡ್ ಕೊಂಡಿ (ವಿಡಿಯೊವನ್ನು ಪುಟದೊಳಗೇ ತೋರಿಸುವ ಕೊಂಡಿ) ಹಾಕಿ, ಆಗ ಪ್ರಸಾರವನ್ನು 'ಪಬ್ಲಿಕ್' ಎಂದೇ ಇಡಿ. ವಿಡಿಯೊ ಚೌಕದ ಬದಲು ಬರೀ ವಿಳಾಸ ಅಕ್ಷರವಾಗಿ ಕಂಡರೆ ಆ ವಿಳಾಸ ವಾಕ್ಯದ ನಡುವೆ ಸಿಕ್ಕಿಕೊಂಡಿದೆ. ಅದನ್ನು ಒಂಟಿ ಸಾಲಿನಲ್ಲಿ ಅಂಟಿಸಿ. 'ವಿಡಿಯೊ ಲಭ್ಯವಿಲ್ಲ' ಎಂದು ಬಂದರೆ ಅದು 'ಪ್ರೈವೇಟ್' ಆಗಿದೆಯೇ, ಎಂಬೆಡ್ ಅನುಮತಿ ಆಫ್ ಆಗಿದೆಯೇ ನೋಡಿ.

ಹೊಸ ಚಾನೆಲ್‌ನವರು ಹಬ್ಬದ ದಿನ ಬೆಳಿಗ್ಗೆ ಆರಂಭಿಸಲು ಹೋಗಬಾರದು: ನೇರಪ್ರಸಾರದ ಸೌಲಭ್ಯ ಮೊದಲ ಸಲ ತೆರೆಯಲು 24 ಗಂಟೆಯವರೆಗೆ ಹಿಡಿಯಬಹುದು. ಪ್ರಸಾರ ಪೂಜೆಯ ನಡುವೆ, ಅದೂ ಗಾಯನದ ಹೊತ್ತಿನಲ್ಲಿ ನಿಂತಿದ್ದರೆ ಇಂಟರ್‌ನೆಟ್ಟನ್ನು ದೂರುವ ಮುನ್ನ ಚಾನೆಲ್ಲಿನ ಹಕ್ಕುಸ್ವಾಮ್ಯದ ಸೂಚನೆಗಳನ್ನು ನೋಡಿ; ಧ್ವನಿಮುದ್ರಿತ ಗೀತೆ ನುಡಿಸಿದರೆ ಹಾಗಾಗಬಹುದು.

## ಅರ್ಜಿ ತುಂಬಿ ಕಳಿಸಿದ್ದೇನೆ ಎನ್ನುತ್ತಾರೆ, ಕಚೇರಿಗೆ ಬಂದೇ ಇಲ್ಲ

ಜ್ಞಾನಸ್ನಾನದ ಪ್ರಮಾಣಪತ್ರ ಬೇಕೆಂದು ದುಬೈಯಿಂದಲೋ ಕುವೈತ್‌ನಿಂದಲೋ ಬರೆದವರಿಗೆ 'ನಿಮ್ಮ ಮನವಿ ತಲುಪಿದೆ' ಎಂದು ಪರದೆಯಲ್ಲಿ ಕಂಡಿರುತ್ತದೆ, ಇತ್ತ ಕಚೇರಿಯಲ್ಲಿ ಯಾರಿಗೂ ಗೊತ್ತಿರುವುದಿಲ್ಲ. ಮೊದಲು ಸ್ಪ್ಯಾಮ್ ಪೆಟ್ಟಿಗೆ ನೋಡಿ. ಆಮೇಲೆ ನಮೂನೆಯ ಸೆಟ್ಟಿಂಗಿನಲ್ಲಿ ಯಾರ ವಿಳಾಸವಿದೆ ನೋಡಿ. ವರ್ಗವಾಗಿ ಹೋದ ಹಿಂದಿನ ಧರ್ಮಗುರುಗಳ ವಿಳಾಸವೇ ಉಳಿದಿರುವುದು ಅಪರೂಪವಲ್ಲ. ಎರಡೂ ಸರಿಯಿದ್ದರೆ ಪ್ಲಗಿನ್ ತನ್ನೊಳಗೆ ಅರ್ಜಿಗಳ ಪ್ರತಿ ಉಳಿಸಿಟ್ಟಿದೆಯೇ ನೋಡಿ. ಅಲ್ಲಿ ಇದ್ದರೆ ನಮೂನೆ ಸರಿಯಿದೆ, ಅಂಚೆ (ಇಮೇಲ್) ದಾರಿಯಲ್ಲಿ ಕಳೆಯುತ್ತಿದೆ.

ದಾರಿಯಲ್ಲಿ ಕಳೆಯಲು ಸಾಮಾನ್ಯ ಕಾರಣ 'ಫ್ರಮ್' ವಿಳಾಸ. ಅರ್ಜಿದಾರರ ಜಿಮೇಲ್ ವಿಳಾಸವನ್ನೇ ಕಳಿಸಿದವರ ಜಾಗದಲ್ಲಿ ಹಾಕಿ ನಮ್ಮ ಸರ್ವರ್ ಅಂಚೆ ಕಳಿಸಿದರೆ ಸ್ವೀಕರಿಸುವವರ ಕಣ್ಣಿಗೆ ಅದು ಸುಳ್ಳು ಹೆಸರಿನ ಪತ್ರ. ಕಳಿಸಿದವರ ಜಾಗದಲ್ಲಿ ಚರ್ಚಿನ ಸ್ವಂತ ಡೊಮೇನಿನ (ತಾಣದ ಹೆಸರಿನ) ವಿಳಾಸವಿರಲಿ, ಅರ್ಜಿದಾರರದ್ದು 'ರಿಪ್ಲೈ-ಟು' ಜಾಗದಲ್ಲಿರಲಿ. ಎಸ್‌ಎಂಟಿಪಿ ಪ್ಲಗಿನ್ ಮೂಲಕ ನಿಜವಾದ ಅಂಚೆ ಖಾತೆಯಿಂದ ಕಳಿಸುವುದು ಮುಂದಿನ ಹೆಜ್ಜೆ. ಕೊನೆಯದು, ಅಂಚೆ ನಿಜಕ್ಕೂ ನಮ್ಮ ಡೊಮೇನಿನಿಂದಲೇ ಬಂದದ್ದು ಎಂದು ಸಾರುವ ಎಸ್‌ಪಿಎಫ್ ಮತ್ತು ಡಿಕಿಮ್ ದಾಖಲೆಗಳು. ಜಿಮೇಲ್‌ಗೆ ಕಳಿಸುವವರಿಗೆ ಇವುಗಳಲ್ಲಿ ಒಂದಾದರೂ ಇರಬೇಕೆಂಬ ನಿಯಮ 2024ರ ಫೆಬ್ರುವರಿಯಿಂದ ಜಾರಿಯಲ್ಲಿದೆ. ಈ ದಾಖಲೆಗಳಿರುವ ಡಿಎನ್‌ಎಸ್ ಪಟ್ಟಿಯಲ್ಲಿ ಅಳಿಸಬಾರದ ಸಾಲನ್ನು ಅಳಿಸಿದರೆ ಚರ್ಚಿನ ಎಲ್ಲ ಅಂಚೆಯೂ ನಿಂತುಹೋಗಬಹುದಾದ್ದರಿಂದ ಈ ಹಂತವನ್ನು ಬಲ್ಲವರಿಂದಲೇ ಮಾಡಿಸಿ.

ಒಂದು ಎಚ್ಚರಿಕೆ: ಈ ನಮೂನೆಯಲ್ಲಿ ಆಧಾರ್ ಅಥವಾ ಪಾಸ್‌ಪೋರ್ಟ್ ಪ್ರತಿ ಏರಿಸುವ ಜಾಗ ಇಡಬೇಡಿ. ಅನೇಕ ಪ್ಲಗಿನ್‌ಗಳು ಅಂಥ ಕಡತವನ್ನು ವಿಳಾಸ ಗೊತ್ತಿದ್ದ ಯಾರೂ ತೆರೆಯಬಹುದಾದ ಫೋಲ್ಡರಿನಲ್ಲಿ ಇಡುತ್ತವೆ.

## ಹಬ್ಬದ ಫೋಟೋ ಪುಟ ತೆರೆಯಲು ಬಹಳ ಹೊತ್ತು ಬೇಕು

ಕ್ಯಾಮೆರಾದಿಂದ ಬಂದ ಮೂಲ ಫೋಟೋಗಳನ್ನೇ ಏರಿಸಿದ್ದೀರಿ. ಅಗಲವನ್ನು 1600 ಪಿಕ್ಸೆಲ್‌ಗೆ ಇಳಿಸಿ, ಒಂದು ಪುಟಕ್ಕೆ ಮೂವತ್ತು ಮೀರದಂತೆ ಹಾಕಿ. ಪ್ರಥಮ ಪರಮಪ್ರಸಾದದ ಮಕ್ಕಳ ಫೋಟೋಗಳಿಗೆ ತಂದೆತಾಯಿಯ ಲಿಖಿತ ಒಪ್ಪಿಗೆ ಪಡೆಯಿರಿ, ಚಿತ್ರದ ಕೆಳಗೆ ಮಗುವಿನ ಪೂರ್ತಿ ಹೆಸರು, ಶಾಲೆ, ಮನೆಯ ವಿಳಾಸ ಬರೆಯಬೇಡಿ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, 2023ರಲ್ಲಿ 18 ವರ್ಷದೊಳಗಿನವರೆಲ್ಲ ಮಕ್ಕಳೇ. ತಾಯಿಯೊಬ್ಬರು ಚಿತ್ರ ತೆಗೆಯಿರಿ ಎಂದರೆ ಕಾರಣ ಕೇಳದೆ ಅಂದೇ ತೆಗೆಯಬೇಕು. ಮೀಡಿಯಾ ಲೈಬ್ರರಿಯಿಂದಲೂ ಅಳಿಸಬೇಕು, ಪುಟದಿಂದ ತೆಗೆದ ಮಾತ್ರಕ್ಕೆ ಕಡತ ಹೋಗುವುದಿಲ್ಲ.

## ದೇಣಿಗೆಯ ಪುಟದಲ್ಲಿ ಹಣ ಕಟ್ಟಿದವರ ರಸೀದಿ ಸಿಗುತ್ತಿಲ್ಲ

ಮೊದಲು ನೀವೇ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಒಂದು ರೂಪಾಯಿ ಕಳಿಸಿ, ಪರದೆಯಲ್ಲಿ ಯಾರ ಹೆಸರು ಬರುತ್ತದೆ ಎಂದು ಗಮನವಿಟ್ಟು ನೋಡಿ. ಅದು ಚರ್ಚಿನ ಖಾತೆಯ ಹೆಸರಲ್ಲದಿದ್ದರೆ ಪುಟವನ್ನು ಆ ಕ್ಷಣವೇ ಡ್ರಾಫ್ಟ್‌ಗೆ ಇಳಿಸಿ, ಧರ್ಮಗುರುಗಳಿಗೂ ಬ್ಯಾಂಕಿಗೂ ತಿಳಿಸಿ. ಚಿತ್ರವನ್ನು ಯಾರೋ ಬದಲಿಸಿರಬಹುದು. ಹಣ ಹೋಗಿದ್ದರೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು.

ಹೆಸರು ಸರಿಯಿದ್ದು, ಯುಪಿಐ ಮೂಲಕ ನೇರವಾಗಿ ಬಂದ ಹಣವಾದರೆ ಕೊಟ್ಟವರು ಯಾರೆಂದು ತಾಣಕ್ಕೆ ತಿಳಿಯುವುದೇ ಇಲ್ಲ. ಪುಟದಲ್ಲೇ, ಹಣ ಕಟ್ಟಿದ ಮೇಲೆ ವ್ಯವಹಾರ ಸಂಖ್ಯೆಯನ್ನು ಕಚೇರಿಗೆ ತಿಳಿಸಲು ಕೋರುವ ಒಂದು ಸಾಲು ಬರೆಯುವುದು ಇದಕ್ಕೆ ಸಾಕು.

ವಿದೇಶದಿಂದ ಹಣ ಕಟ್ಟಲು ಆಗುತ್ತಿಲ್ಲ ಎಂಬ ದೂರನ್ನು ತಂತ್ರಾಂಶದ ದೋಷವೆಂದು ತಿಳಿದು ಸರಿಪಡಿಸಲು ಹೋಗಬೇಡಿ. ವಿದೇಶಿ ಮೂಲದ ಕೊಡುಗೆಗೆ 2010ರ ವಿದೇಶಿ ಕೊಡುಗೆ ನಿಯಂತ್ರಣ ಕಾಯ್ದೆಯಂತೆ (ಎಫ್‌ಸಿಆರ್‌ಎ) ನೋಂದಣಿ ಅಥವಾ ಪೂರ್ವಾನುಮತಿ ಬೇಕು, ಮತ್ತು 2020ರ ತಿದ್ದುಪಡಿಯ ನಂತರ ಅದು ಮೊದಲು ಭಾರತೀಯ ಸ್ಟೇಟ್ ಬ್ಯಾಂಕಿನ ನವದೆಹಲಿ ಮುಖ್ಯ ಶಾಖೆಯ ನಿಗದಿತ ಖಾತೆಗೇ ಬರಬೇಕು. ಭಾರತೀಯ ಪೌರರಾಗಿಯೇ ಉಳಿದ ಅನಿವಾಸಿಗಳು ತಮ್ಮ ಉಳಿತಾಯದಿಂದ ಬ್ಯಾಂಕ್ ಮೂಲಕ ಕೊಡುವುದು ಬೇರೆ, ವಿದೇಶಿ ಪೌರತ್ವ ಪಡೆದವರು ಕೊಡುವುದು ಬೇರೆ. ಈ ವ್ಯತ್ಯಾಸವನ್ನು ಜಾಲತಾಣದ ಸ್ವಯಂಸೇವಕರು ತೀರ್ಮಾನಿಸುವುದಲ್ಲ. ಧರ್ಮಪ್ರಾಂತ್ಯದ ಹಣಕಾಸು ಕಚೇರಿಯನ್ನೂ ಲೆಕ್ಕಪರಿಶೋಧಕರನ್ನೂ ಕೇಳಿ, ಅವರು ಬರೆದುಕೊಟ್ಟ ಮಾತನ್ನೇ ಪುಟದಲ್ಲಿ ಹಾಕಿ.

## ಇಡೀ ತಾಣ ತೆರೆಯುತ್ತಿಲ್ಲ, ಅಥವಾ ನಾವು ಬರೆಯದ ಪುಟಗಳು ಕಾಣುತ್ತಿವೆ

ತಾಣವೇ ತೆರೆಯದಿದ್ದರೆ ಮೊದಲು ಡೊಮೇನಿನ ನವೀಕರಣದ ದಿನಾಂಕ ನೋಡಿ. ಡೊಮೇನ್ ಯಾರ ಸ್ವಂತ ಇಮೇಲಿನಲ್ಲಿ ನೋಂದಣಿಯಾಗಿದೆಯೋ ಅವರು ಉದ್ಯೋಗಕ್ಕೆ ಹೊರದೇಶಕ್ಕೆ ಹೋಗಿದ್ದರೆ ನೆನಪೋಲೆ ಅವರ ಪೆಟ್ಟಿಗೆಯಲ್ಲೇ ಉಳಿದಿರುತ್ತದೆ. ಅದನ್ನು ಚರ್ಚ್ ಕಚೇರಿಯ ವಿಳಾಸಕ್ಕೆ ಬದಲಿಸಿ, ಗುಪ್ತಪದಗಳನ್ನು ಮುಚ್ಚಿದ ಲಕೋಟೆಯಲ್ಲಿ ಕಚೇರಿಯ ಕಪಾಟಿನಲ್ಲಿಡಿ. 'ಸುರಕ್ಷಿತವಲ್ಲ' ಎಂದು ಬ್ರೌಸರ್ ತಡೆಯುತ್ತಿದ್ದರೆ ತಾಣದ ಸಂಪರ್ಕ ಸುರಕ್ಷಿತವೆಂದು ಸಾರುವ ಎಸ್‌ಎಸ್‌ಎಲ್ ಪ್ರಮಾಣಪತ್ರದ ಅವಧಿ ಮುಗಿದಿರಬಹುದು. ಉಚಿತವಾಗಿ ಸಿಗುವ ಲೆಟ್ಸ್ ಎನ್‌ಕ್ರಿಪ್ಟ್ ಪ್ರಮಾಣಪತ್ರಗಳು 90 ದಿನದವಾಗಿದ್ದು, ತಾನಾಗಿ ನವೀಕರಣವಾಗುವ ವ್ಯವಸ್ಥೆ ಎಲ್ಲೋ ನಿಂತಿರುತ್ತದೆ. 'ಗಂಭೀರ ದೋಷ ಉಂಟಾಗಿದೆ' ಎಂಬ ಬಿಳಿ ಪುಟ ಬಂದರೆ ನಿರ್ವಾಹಕರ ಇಮೇಲ್ ತೆರೆಯಿರಿ. 2019ರ 5.2 ಆವೃತ್ತಿಯಿಂದೀಚೆಗೆ ವರ್ಡ್‌ಪ್ರೆಸ್ ಯಾವ ಪ್ಲಗಿನ್ನಿನಿಂದ ತೊಂದರೆಯಾಗಿದೆ ಎಂದು ಹೇಳಿ, ಒಳಗೆ ಬರಲು ಒಂದು ವಿಶೇಷ ಕೊಂಡಿಯನ್ನು ಆ ವಿಳಾಸಕ್ಕೆ ಕಳಿಸುತ್ತದೆ.

ಗೂಗಲ್‌ನಲ್ಲಿ ಚರ್ಚಿನ ಹೆಸರಿನ ಕೆಳಗೆ ಜೂಜಿನ ಪುಟಗಳು, ಔಷಧಿ ಮಾರುವ ಪುಟಗಳು ಅಥವಾ ಪರಭಾಷೆಯ ಅಪರಿಚಿತ ಸಾಲುಗಳು ಬಂದರೆ, ಇಲ್ಲವೇ ಬಳಕೆದಾರರ ಪಟ್ಟಿಯಲ್ಲಿ ಯಾರಿಗೂ ಗೊತ್ತಿಲ್ಲದ ನಿರ್ವಾಹಕನಿದ್ದರೆ, ತಾಣದೊಳಗೆ ಬೇರೆಯವರು ನುಗ್ಗಿದ್ದಾರೆ. ಆ ಪುಟಗಳನ್ನು ಒಂದೊಂದಾಗಿ ಅಳಿಸುತ್ತಾ ಕೂರಬೇಡಿ. ಬಾಗಿಲು ತೆರೆದೇ ಇರುವುದರಿಂದ ಅವು ಮತ್ತೆ ಬರುತ್ತವೆ, ನುಗ್ಗಿದ ದಾರಿಯ ಗುರುತೂ ಅಳಿಸಿಹೋಗುತ್ತದೆ. ಹೋಸ್ಟಿಂಗ್, ಅಂಚೆ ಮತ್ತು ವರ್ಡ್‌ಪ್ರೆಸ್ ಗುಪ್ತಪದಗಳನ್ನು ತಾಣಕ್ಕೆ ಬಳಸದ ಇನ್ನೊಂದು ಕಂಪ್ಯೂಟರಿನಿಂದ ಬದಲಿಸಿ, ದೇಣಿಗೆಯ ಪುಟ ಮತ್ತು ನಮೂನೆಗಳನ್ನು ಸದ್ಯಕ್ಕೆ ನಿಲ್ಲಿಸಿ, ಹೋಸ್ಟಿಂಗ್ ಬೆಂಬಲಕ್ಕೆ ಬರೆಯಿರಿ. ಬರೆಯುವಾಗ 'ತಾಣ ಹಾಳಾಗಿದೆ' ಎಂದಷ್ಟೇ ಹೇಳದೆ, ಮೊದಲು ಯಾವ ದಿನ, ಎಷ್ಟು ಹೊತ್ತಿಗೆ, ಯಾವ ಪುಟದಲ್ಲಿ, ಯಾವ ಸಾಧನದಲ್ಲಿ ಕಂಡಿತು, ಅದಕ್ಕೂ ಮುನ್ನ ಕೊನೆಯದಾಗಿ ಏನನ್ನು ಬದಲಿಸಿದ್ದಿರಿ ಎಂಬುದನ್ನು ಪುಸ್ತಕ ನೋಡಿ ತಿಳಿಸಿ, ಪರದೆಯ ಚಿತ್ರವನ್ನು ಜೊತೆಗಿಡಿ. ತಾಣ ಸರಿಹೋಗುವವರೆಗೆ ಭಾನುವಾರದ ಪೂಜೆಯ ವೇಳೆಯನ್ನು ಗುರಿಕಾರರ ಮೂಲಕ ವಾರ್ಡುಗಳಿಗೆ ತಲುಪಿಸಿ, ಚರ್ಚಿನ ಗೇಟಿನ ಫಲಕದಲ್ಲೂ ಬರೆದು ಹಾಕಿ.